ಐವತ್ತರ ಕಲ್ಲು

ಮಧುಗಿರಿ ಪೇಟೆಯಲ್ಲಿ ಶಂಕರಲಿಂಗಪ್ಪನವರ ಹುಣಸೆಹಣ್ಣಿನ ಮಂಡಿ ಗೊತ್ತಿಲ್ಲದವರಿಲ್ಲ. ಆ ಮಂಡಿಯ ದೊಡ್ಡ ತಕ್ಕಡಿ ಗೊತ್ತಿಲ್ಲದವರಂತೂ ಇಲ್ಲವೇ ಇಲ್ಲ. ತೊಲೆಗೆ ಕಬ್ಬಿಣದ ಕೊಂಡಿ, ಕೊಂಡಿಗೆ ಆಳುದ್ದದ ದಂಡ, ದಂಡದ ಎರಡು ತುದಿಗೂ ಸರಪಳಿಯಲ್ಲಿ ತೂಗುಬಿಟ್ಟ ಮರದ ಹಲಗೆಗಳು. ಒಂದರ ಮೇಲೆ ಮೂಟೆ, ಇನ್ನೊಂದರ ಮೇಲೆ ತೂಕದ ಕಲ್ಲು. ಕಲ್ಲು ಅಂದರೆ ಕಬ್ಬಿಣದ್ದೇ, ಆದರೆ ಮಂಡಿಯವರ ಬಾಯಲ್ಲಿ ಕಲ್ಲು. ಆಯುಧಪೂಜೆಯ ದಿನ ಈ ತಕ್ಕಡಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ಮೊದಲ ತೂಕಕ್ಕೆ ಬೆಲ್ಲದ ಅಚ್ಚುಗಳನ್ನು ಇಡುವುದು ತಾತನ ಕಾಲದ ಪದ್ಧತಿ. ಎಂಬತ್ತೆರಡನೆಯ ಇಸವಿಯಲ್ಲಿ ಆ ಬೆಲ್ಲದ ಜಾಗದಲ್ಲಿ ಸರ್ವಮಂಗಳಾ ಕೂತಳು.

ಕೂತಳು ಅಂದರೆ, ಕೂರಿಸಿದರು. ಕೂರಿಸಿದವಳು ಅವಳ ಓರಗಿತ್ತಿ, ಶಂಕರಲಿಂಗಪ್ಪನವರ ಹೆಂಡತಿ ನಾಗರತ್ನಮ್ಮ. "ಈ ಸಲ ಬೆಲ್ಲ ಬ್ಯಾಡ ಕಣೇ ಮಂಗಳಾ. ಮನೆ ಲಕ್ಷ್ಮೀನೇ ಮೊದಲನೇ ತೂಕ ಆಗ್ಲಿ, ಬಾ, ಕೂತ್ಕೊ" ಅಂತ ಜನರ ಮುಂದೆ ಕೈ ಹಿಡಿದು ಕರೆದಳು. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಆ ಮನೆಯಲ್ಲಿ ಅವಳನ್ನು ಲಕ್ಷ್ಮಿ ಅಂದವರು ಒಬ್ಬರೂ ಇರಲಿಲ್ಲ. ಪಾಪ, ನಂಬಿದಳು. ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಹಲಗೆಯ ಮೇಲೆ ಪದ್ಮಾಸನ ಹಾಕಿ, ಕಣ್ಣು ಮುಚ್ಚಿ ಕೈ ಮುಗಿದಳು.

ಹಮಾಲರ ಮೇಸ್ತ್ರಿ ಅಡವಯ್ಯ ಐವತ್ತರ ಕಲ್ಲು ತಂದು ಆ ಕಡೆಯ ಹಲಗೆಗೆ ಇಟ್ಟ. ತಕ್ಕಡಿ ಅಲುಗಲಿಲ್ಲ. ಇನ್ನೊಂದು ಐವತ್ತು ಇಟ್ಟ. ಆಗಲೂ ಅಲುಗಲಿಲ್ಲ. ಯಾರೋ ಹಿಂದಿನಿಂದ ಕಿಸಕ್ಕೆಂದರು. ಮಂಗಳಾ ಕಣ್ಣು ಬಿಟ್ಟಳು. ಹತ್ತರ ಕಲ್ಲು ಬಂತು, ಆಮೇಲೆ ಚಿಕ್ಕ ಕಲ್ಲು ಬಂತು, ನಗು ಒಬ್ಬರಿಂದ ಒಬ್ಬರಿಗೆ ಹಬ್ಬುತ್ತಾ ಮಂಡಿಯ ಬಾಗಿಲು ದಾಟಿ ಬೀದಿಗೆ ಬಂತು. ಮಂಡಿಯಲ್ಲಿ ತೂಕ ಕೂಗುವವನು ಯಜಮಾನರ ತಮ್ಮ ರೇಣುಕಯ್ಯ. ರೇಣುಕಯ್ಯ ಅಂದರೆ ಮಂಗಳಾಳ ಗಂಡ. ಅವನು ದಿನಾ ಮೂಟೆಗೆ ಕೂಗುವ ಅದೇ ರಾಗದಲ್ಲಿ, ಅದೇ ಎಳೆತದಲ್ಲಿ ಕೂಗಿದ: "ಕ್ವಿಂಟಾಲಿನ ಮ್ಯಾಲೆ ಹನ್ನೆರಡೂ…!" ಅಷ್ಟಕ್ಕೇ ನಿಲ್ಲಿಸಿದ್ದರೆ ಶಿವ ಕ್ಷಮಿಸುತ್ತಿದ್ದನೋ ಏನೋ. ಆದರೆ ಜನ ನಗುತ್ತಿದ್ದಾರೆ, ಬಾಯಿ ಸುಮ್ಮನಿರಬೇಕಲ್ಲ. "ಗೋಣಿಚೀಲದ ತೂಕ ಕಳೀಬೇಕೇನ್ರೋ?" ಅಂದ.

ಗೋಣಿಚೀಲ ಅಂದದ್ದು ಅವಳು ಉಟ್ಟಿದ್ದ ಧಾರೆ ಸೀರೆಗೆ. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಗರತ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಂಗಳಾ ಹಲಗೆಯಿಂದ ಇಳಿಯಲು ಹೋಗಿ ಸರಪಳಿಗೆ ಕಾಲು ಸಿಕ್ಕಿ ತಡವರಿಸಿದಾಗ ಇನ್ನೊಂದು ಸಲ ನಕ್ಕರು. ಅವತ್ತಿನಿಂದ ಪೇಟೆಯಲ್ಲಿ ಅವಳ ಹೆಸರು ಕ್ವಿಂಟಾಲ್ ಮಂಗಳಮ್ಮ.

ತಾಳಿದವನು ಬಾಳಿಯಾನು ಅಂತ ಗಾದೆ ಇದೆ. ಆ ಗಾದೆ ಕಟ್ಟಿದವನು ಯಾವತ್ತೂ ತಕ್ಕಡಿಯಲ್ಲಿ ಕೂತಿರಲಿಕ್ಕಿಲ್ಲ. ಮಂಗಳಾ ತಾಳಲಿಲ್ಲ. ಅವತ್ತು ಹಿತ್ತಲಿನ ಕಲ್ಲಿನ ಮೇಲೆ ಕೂತು ಸಾಯಂಕಾಲದ ತನಕ ಅತ್ತಳು. ಅತ್ತು ಮುಗಿದ ಮೇಲೆ ಒಂದೇ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. ಇದೇ ತಕ್ಕಡಿ, ಇದೇ ಹಬ್ಬ, ಇದೇ ಜನ. ನಗಿಸಿದವರನ್ನು ಇದರಲ್ಲೇ ಕೂರಿಸಿ ಜನರನ್ನು ನಗಿಸಬೇಕು. ಅಲ್ಲಿಯ ತನಕ ಸಾಯಬಾರದು.

ಅವಳೇನು ಹುಟ್ಟಿನಿಂದ ದಪ್ಪವಲ್ಲ. ಶಿರಾದ ತವರಿನಿಂದ ಬರುವಾಗ ಅವ್ವ ಚಿನ್ನದ ಡಾಬು ಮಾಡಿಸಿ ಸೊಂಟಕ್ಕೆ ಕಟ್ಟಿ ಕಳಿಸಿದ್ದಳು. ಎರಡನೆಯ ವರ್ಷಕ್ಕೆ ಅದರ ಕೊಕ್ಕೆ ಕೂಡಲಿಲ್ಲ. ಕಾರಣ ಸೌಟು. ಆ ಮನೆಯಲ್ಲಿ ಸೌಟು ನಾಗರತ್ನಮ್ಮನ ಕೈಯಲ್ಲಿತ್ತು, ಸೌಟು ಹಿಡಿದವಳದ್ದೇ ರಾಜ್ಯ. ಲಿಂಗಪೂಜೆ ಮಾಡಿ ಉಣ್ಣುವ ಮನೆ. ತಟ್ಟೆಗೆ ಬಿದ್ದದ್ದು ಅನ್ನವಲ್ಲ, ಪ್ರಸಾದ. ಅಗುಳು ಬಿಡುವಂತಿಲ್ಲ. ಉಂಡ ಮೇಲೆ ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ಒಳ್ಳೆಯ ಪದ್ಧತಿಯೇ, ಮಂಗಳಾಳ ತವರಿನಲ್ಲೂ ಇತ್ತು. ಆದರೆ ಅಲ್ಲಿ ಉಣ್ಣುವವರ ಮುಖ ನೋಡಿ ಬಡಿಸುತ್ತಿದ್ದರು. ಇಲ್ಲಿ ಗಂಡಸರು ಉಂಡು, ಗುಮಾಸ್ತರು ಉಂಡು, ನಾಗರತ್ನಮ್ಮ ಉಂಡು, ಪಾತ್ರೆಯಲ್ಲಿ ಏನು ಮಿಕ್ಕಿದೆಯೋ ಅಷ್ಟೂ ಮಂಗಳಾಳ ತಟ್ಟೆಗೆ. ಮೂರು ಮುದ್ದೆ ಮಿಕ್ಕರೆ ಮೂರೂ. "ಚೆಲ್ಲಿದ್ರೆ ಶಿವ ಮೆಚ್ತಾನಾ? ಉಣ್ಣು" ಅಂತ ನಾಗರತ್ನಮ್ಮ ಬಾಗಿಲಿಗೆ ಒರಗಿ ನಿಂತು, ಉಂಡು ಮುಗಿಸುವುದನ್ನು ನೋಡಿ ಹೋಗುತ್ತಿದ್ದಳು.

ಒಂದು ಸಲ ಮಂಗಳಾ ಸಾಕು ಅಂತ ತಟ್ಟೆಗೆ ಎಡಗೈ ಅಡ್ಡ ಹಿಡಿದಳು. ನಾಗರತ್ನಮ್ಮ ಕುದಿಯುವ ಸಾರನ್ನು ಕೈಯ ಮೇಲೇ ಸುರಿದಳು. "ಅಯ್ಯೋ, ಕೈ ಇತ್ತಾ? ನೋಡ್ಲೇ ಇಲ್ಲ ಕಣೇ." ಬೊಬ್ಬೆ ಎದ್ದು, ಒಡೆದು, ಮಾಗಿ, ಕೈಬೆನ್ನಿನ ಮೇಲೆ ಬೆಳ್ಳಗೆ ಕಲೆ ಉಳಿಯಿತು. ರೇಣುಕಯ್ಯ ಪಕ್ಕದಲ್ಲೇ ಕೂತು ಮಜ್ಜಿಗೆ ಕುಡಿಯುತ್ತಿದ್ದ, ಲೋಟ ಕೆಳಗಿಡಲಿಲ್ಲ. ತುಂಬಿಸುವವರೂ ಇವರೇ, ತೂಗುವವರೂ ಇವರೇ, ಕೊನೆಗೆ ನಗುವವರೂ ಇವರೇ! ಇಂಥವರನ್ನು ಸುಮ್ಮನೆ ಬಿಡುವುದುಂಟೇ?

ಹಬ್ಬ ಕಳೆದ ಮೇಲೆ ಒಂದು ದಿನ ನೀರು ಸೇದುತ್ತಾ ಮಂಗಳಾ ತಲೆಸುತ್ತಿ ಬಿದ್ದಳು. ಅಣ್ಣ ನಂದೀಶ್ವರಯ್ಯ ಶಿರಾದಿಂದ ಓಡಿ ಬಂದು ತುಮಕೂರಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮಂಡಿ ಸವೆದಿದೆ. "ಹಿಂಗೇ ಇದ್ರೆ ಕಷ್ಟಾಮ್ಮ" ಅಂದ ಆ ಡಾಕ್ಟರಮ್ಮ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ವಿಲಾಯತಿಯಲ್ಲಿ ಓದಿದ ಒಬ್ಬ ಸರ್ಜನ್ ಬಂದಿದ್ದಾರೆ, ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಮಾಡುತ್ತಾರೆ ಅಂತ ಮಾತಿಗೆ ಮಾತು ಬಂದು ಹೇಳಿದಳು. ಮಂಗಳಾ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದಳು.

ಇದನ್ನು ಮೊದಲು ಹೇಳಿದ್ದು ಬೆಣ್ಣೆ ಈರಕ್ಕನಿಗೆ. ಈರಕ್ಕ ಐ.ಡಿ.ಹಳ್ಳಿ ಕಡೆಯ ಗೊಲ್ಲರಹಟ್ಟಿಯವಳು. ವಾರಕ್ಕೊಮ್ಮೆ ಬೆಣ್ಣೆ ಗಡಿಗೆ ಹೊತ್ತು ಹಿತ್ತಲ ಬಾಗಿಲಿಗೆ ಬರುತ್ತಿದ್ದಳು. ಆ ಮನೆಯಲ್ಲಿ ಮಂಗಳಾಳ ಜೊತೆ ಕೂತು ಮಾತಾಡುತ್ತಿದ್ದ ಒಬ್ಬಳೇ ಒಬ್ಬಳು ಅಂದರೆ ಅವಳೇ.

"ಒಟ್ಟೆ ಕುಯ್ಸ್ಕಂತೀಯಾ?" ಈರಕ್ಕ ಗಡಿಗೆ ಇಳಿಸಿ ಬಾಯಿ ಬಿಟ್ಟಳು. "ಅಮ್ಮಯ್ಯಾ, ಕುರಿ ಒಟ್ಟೆ ಕುಯ್ದಿದ್ದ ಬೇಕಾದಷ್ಟು ನೋಡಿವ್ನಿ. ಕುಯ್ದ ಮ್ಯಾಕೆ ಅದು ಮತ್ತೆ ಮೇಯಕ್ಕೋಗಿದ್ದ ನೋಡಿಲ್ಲ ಕಣಮ್ಮ!"

"ನಾನು ಬರ್ತೀನಿ ಈರಕ್ಕ. ಮೇಯೋದಕ್ಕಲ್ಲ, ಹಾಯೋದಕ್ಕೆ."

ಈರಕ್ಕ ಅವಳ ಮುಖವನ್ನೇ ನೋಡಿದಳು. "ಅಂಗಾದ್ರೆ ನಾನೂ ಬತ್ತೀನಿ, ನಡಿ. ನಿನ್ನ ವಾರಗಿತ್ತಿ ಬಂದು ಆಸ್ಪತ್ರೇಲಿ ಉಚ್ಚೆ ಬಾಚ್ತಾಳಾ?" ಅಂದಳು.

ಬೆಂಗಳೂರಿನ ಸರ್ಜನ್ ಮೆತ್ತಗಿನ ಮನುಷ್ಯ. ಹಾಳೆಯ ಮೇಲೆ ಹೊಟ್ಟೆಯ ಚಿತ್ರ ಬರೆದು ತೋರಿಸಿದರು. ಮೇಲ್ಗಡೆ ಒಂದು ಚಿಕ್ಕ ಸಂಚಿಯಷ್ಟು ಜಾಗ ಬಿಟ್ಟು ಅಡ್ಡಕ್ಕೆ ಪಿನ್ನು ಹೊಡೆಯುತ್ತಾರೆ; ಆಮೇಲೆ ಒಂದು ಹಿಡಿಗಿಂತ ಹೆಚ್ಚು ಹಿಡಿಸುವುದಿಲ್ಲ, ಜೀವನಪರ್ಯಂತ. ಈ ಆಪರೇಷನ್ ನಮ್ಮಲ್ಲಿ ಇನ್ನೂ ಹೊಸದು, ಪ್ರಾಣಕ್ಕೆ ಅಪಾಯವೂ ಇದೆ, ಯೋಚನೆ ಮಾಡಿ ಅಂದರು. "ಯಾಕೆ ಮಾಡಿಸ್ಕೋಬೇಕು ಅಂತಿದೀರಿ?" ಅಂತಲೂ ಕೇಳಿದರು. ಮಂಗಳಾ "ಮಂಡಿನೋವು ಸಾರ್" ಅಂದಳು. ಮಂಡಿಯಲ್ಲೇ ಆದ ನೋವು, ಪೂರ್ತಿ ಸುಳ್ಳಲ್ಲ.

ಮನೆಯಲ್ಲಿ ಹೇಳಿದಾಗ ಭಾವ ಶಂಕರಲಿಂಗಪ್ಪನವರಿಗೆ ತಮ್ಮನ ಹೆಂಡತಿಯ ಪ್ರಾಣಕ್ಕಿಂತ ಮನೆಯ ಮಾನದ ಚಿಂತೆ. "ಒಟ್ಟೆ ಕುಯ್ಸಿದ್ದು ಊರಿಗೆ ಗೊತ್ತಾಗ್ಬಾರ್ದು. ಸೊಸೆ ಉಣ್ಣೋದು ನೋಡಕ್ಕಾಗ್ದೆ ಒಟ್ಟೆಗೇ ಹೊಲಿಗೆ ಹಾಕ್ಸಿದ್ರು ಅಂತ ಆಡ್ಕಂತಾರೆ. ತವರಿಗೆ ಹೋಗವ್ಳೆ ಅಂತ ಹೇಳಿ, ಅಷ್ಟೇ" ಅಂದವರು, ಮನೆಯವರಿಂದೆಲ್ಲ ಕೊರಳ ಲಿಂಗದ ಕರಡಿಗೆ ಮುಟ್ಟಿಸಿ ಆಣೆ ಹಾಕಿಸಿದರು. ಲಿಂಗ ಮುಟ್ಟಿ ಇಟ್ಟ ಆಣೆ, ತಪ್ಪುವ ಹಾಗಿಲ್ಲ. ಖರ್ಚಿನ ಮಾತು ಏಳುವ ಮುಂಚೆಯೇ ಮಂಗಳಾ ಅವ್ವನ ಡಾಬನ್ನು ಮಾರಲು ಅಣ್ಣನ ಕೈಗಿತ್ತಿದ್ದಳು. ರೇಣುಕಯ್ಯ ಆಸ್ಪತ್ರೆಯವರು ಕೇಳಿದ ಕಡೆ ರುಜು ಹಾಕಿ ಸಾಯಂಕಾಲದ ಬಸ್ಸಿಗೇ ವಾಪಸು ಹೋದ. "ಸುಗ್ಗಿ ಕಣೇ, ಮಂಡಿ ಬಿಟ್ಟಿರಕ್ಕಾಗಲ್ಲ" ಅಂದ.

ಎಚ್ಚರವಾದಾಗ ಮಂಗಳಾಗೆ ಮೂಗಿನಲ್ಲಿ ನಳಿಕೆ, ಕೈಯಲ್ಲಿ ಸೂಜಿ, ಎದೆಯ ಗೂಡಿನಿಂದ ಹೊಕ್ಕುಳ ತನಕ ಕೆಂಡ ಸುರಿದಂಥ ನೋವು. ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು. ನೀರು ಕೊಡುವಂತಿಲ್ಲ. ಈರಕ್ಕ ಹತ್ತಿ ಅದ್ದಿ ಅದ್ದಿ ತುಟಿಗೆ ಒತ್ತುತ್ತಾ, "ನಮ್ಮಟ್ಟಿ ದೇವ್ರು ಜುಂಜಪ್ಪ ಅವ್ನೆ, ಏನೂ ಆಗಲ್ಲ ಬುಡು" ಅನ್ನುತ್ತಿದ್ದಳು. ಎರಡನೆಯ ದಿನ ನರ್ಸ್ ಬಂದು, ಕಫ ಕಟ್ಟಬಾರದು, ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮಿ ಅಂದಳು. ಕೆಮ್ಮುವುದೆಂದರೆ ಹೊಲಿಗೆ ಹರಿದು ಕರುಳು ಹೊರಗೆ ಬಂದ ಹಾಗೆ. ಆಗುವುದಿಲ್ಲ ಅಂತ ಮಂಗಳಾ ತಲೆಯಾಡಿಸಿದಳು.

"ಯಾರ್ದಾದ್ರೂ ಎಸ್ರು ನೆನಸ್ಕಂಡು ಕೆಮ್ಮವ್ವ. ದೇವ್ರ ಎಸ್ರು ಏಳ್ಕ" ಅಂದಳು ಈರಕ್ಕ.

ಹನ್ನೊಂದು ವರ್ಷದಲ್ಲಿ ಮಂಗಳಾ ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ, ಹೆಂಡತಿಯಾದವಳು ಆಡಬಾರದು. ದಿಂಬನ್ನು ಹೊಟ್ಟೆಗೆ ಒತ್ತಿ, ಕಣ್ಣಲ್ಲಿ ನೀರು ಸುರಿಸುತ್ತಾ, "ರೇ… ಣು… ಕಯ್ಯಾ!" ಅಂತ ಒಂದೊಂದು ಅಕ್ಷರಕ್ಕೂ ಒಂದೊಂದು ಸಲ ಕೆಮ್ಮಿದಳು. ಕಫ ಕಿತ್ತುಕೊಂಡು ಬಂತು. ನರ್ಸ್, ಎಷ್ಟು ಪ್ರೀತಿ ಪಾಪ, ಅಂದುಕೊಂಡು ಹೋದಳು. ಈರಕ್ಕ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಆಸ್ಪತ್ರೆಯಿಂದ ಬಂದು ಉಳಿದದ್ದು ಶಿರಾದಲ್ಲಿ, ಅಣ್ಣನ ಮನೆಯಲ್ಲಿ. ಚಮಚದಲ್ಲಿ ನೀರು, ಆಮೇಲೆ ತಿಳಿ ಗಂಜಿ, ಆಮೇಲೆ ಹಾಲು. ಏನು ತಿಂದರೂ ಬಾಯಲ್ಲೇ ನೀರಾಗುವ ತನಕ ಅಗಿಯಬೇಕು ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಮಂಗಳಾ ಹಾಗೇ ನಡೆದುಕೊಂಡಳು, ಒಂದು ದಿನ ಎಡವುವ ತನಕ. ಅವತ್ತು ಅತ್ತಿಗೆ ಹಸಿ ಅವರೆಕಾಳಿನ ಸಾರು ಮಾಡಿದ್ದಳು. ಘಮ ಬೀದಿಗೆ ಹೊಡೆಯುತ್ತಿತ್ತು. "ಒಂದು ನೆಲ್ಲಿಕಾಯಷ್ಟು ತಿನ್ನು, ಏನಾಗುತ್ತೆ" ಅಂತ ಅತ್ತಿಗೆ ಮುದ್ದೆ ಮುರಿದು ಕೊಟ್ಟಳು. ಮಂಗಳಾಳ ಬೆರಳುಗಳು ಮುದ್ದೆಯನ್ನು ಉರುಳಿಸಿ, ಸಾರಿಗೆ ಅದ್ದಿ, ಬಾಯಿಗೆ ಹಾಕಿದವು. ಗಂಟಲು ಗುಳಕ್ಕೆ ನುಂಗಿತು. ಹಲ್ಲು ಬಂದಾಗಿನಿಂದ ಮಾಡಿದ್ದು ಅದನ್ನೇ. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ?

ಎದೆಯ ಮಧ್ಯೆ ಗೂಟ ಹೊಡೆದಂತಾಯಿತು. ಇಳಿಯದು, ಏರದು, ಎಂಜಲು ನುಂಗಿದರೂ ವಾಪಸು ಬರುತ್ತದೆ. ಬಾಡಿಗೆ ಕಾರಿನಲ್ಲಿ ಬೆಂಗಳೂರಿಗೆ ಹೊತ್ತುಕೊಂಡು ಹೋದರು. ಡಾಕ್ಟರು ನಳಿಕೆ ಇಳಿಸಿ ತೆಗೆದು, ಸಿಟ್ಟಿನಿಂದ, "ಅಗೀರಿ ಅಂತ ಹೇಳಿರ್ಲಿಲ್ವಾ?" ಅಂದರು.

"ಮುದ್ದೆ ಸಾರ್" ಅಂದಳು ಮಂಗಳಾ, ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲವೆಂಬಂತೆ. ಅಕ್ಕಿ ಉಣ್ಣುವ ಊರಿನ ಆ ಡಾಕ್ಟರಿಗೆ ಅರ್ಥವಾಗಲಿಲ್ಲ.

ಆಮೇಲಿನ ತಿಂಗಳುಗಳು ಸುಖದವಲ್ಲ. ಕೂದಲು ಬಾಚಣಿಗೆ ತುಂಬ ಉದುರಿತು. ತೋಳಿನ ಚರ್ಮ ಇಳಿಬಿದ್ದಿತು. ಬಿಸಿಲಲ್ಲಿ ಕೂತರೂ ಚಳಿ. ಎಲ್ಲಕ್ಕಿಂತ ಕಷ್ಟವೆಂದರೆ ಊಟದ ಆಸೆ. ಹೊಟ್ಟೆ ಚಿಕ್ಕದಾಯಿತೇ ಹೊರತು ಆಸೆಗೆ ಯಾರೂ ಪಿನ್ನು ಹೊಡೆದಿರಲಿಲ್ಲ. ಹೋಳಿಗೆ ವಾಸನೆಗೆ ಅಳು ಬರುತ್ತಿತ್ತು. ಆಗೆಲ್ಲ ಮಂಗಳಾ "ಗೋಣಿಚೀಲದ ತೂಕ ಕಳೀಬೇಕೇನ್ರೋ" ಅನ್ನುವ ಮಾತನ್ನು ನೆನೆಸಿಕೊಂಡು ಒಂದು ಚಮಚ ಗಂಜಿಯನ್ನು ಅಗಿದು ಅಗಿದು ನುಂಗುತ್ತಿದ್ದಳು. ತೂಕ ಇಳಿಯಿತು, ರವಿಕೆಗಳನ್ನು ಮತ್ತೆ ಮತ್ತೆ ಹಿಡಿಸಬೇಕಾಯಿತು. ಡಾಬು ಇದ್ದಿದ್ದರೆ ಈಗ ಆರಾಮಾಗಿ ಕೂಡುತ್ತಿತ್ತು. ಆದರೆ ಅದು ಯಾವ ಅಂಗಡಿಯ ಮೂಸೆಯಲ್ಲಿ ಕರಗಿ ಯಾರ ಬಳೆಯಾಗಿತ್ತೋ. ಅದಕ್ಕೂ ಸಿಟ್ಟು ಬಂತು. ಆ ಸಿಟ್ಟನ್ನೂ ಉಳಿದದ್ದರ ಜೊತೆಗೆ ಇಟ್ಟುಕೊಂಡಳು.

ಎಂಬತ್ತಮೂರರ ಶ್ರಾವಣದಲ್ಲಿ ಅವಳು ಮಧುಗಿರಿಯ ಮನೆಯ ಹೊಸ್ತಿಲು ತುಳಿದಾಗ ರೇಣುಕಯ್ಯ ಗುರುತು ಹಿಡಿಯದೆ, "ಯಾರು ಬೇಕಮ್ಮ?" ಅಂದ. ಗುರುತು ಸಿಕ್ಕಿದ ಮೇಲೆ ಮುಖವೆಲ್ಲ ಹಲ್ಲಾಯಿತು. ನಾಗರತ್ನಮ್ಮನ ಮುಖ ಮಾತ್ರ ಸಣ್ಣಗಾಯಿತು. ಶಿರಾದಲ್ಲಿ ಮುದ್ದೆ ಸಿಕ್ಕಿಕೊಂಡ ಸುದ್ದಿ ಅವಳಿಗೆ ಮುಟ್ಟಿತ್ತು.

ಅವತ್ತು ಸೋಮವಾರ. ಮನೆಯ ಅಯ್ಯನವರು ಚನ್ನಮಲ್ಲಯ್ಯ ಪೂಜೆಗೆ ಬಂದಿದ್ದರು. ಊರಿನ ನಾಲ್ಕು ಜನ ಪ್ರಸಾದಕ್ಕೆ ಕೂತಿದ್ದರು. ನಾಗರತ್ನಮ್ಮ ಮಂಗಳಾಳ ತಟ್ಟೆಗೆ ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ಇಟ್ಟು, ಸಾರು ತುಂಬಿ, "ಉಣ್ಣಮ್ಮ, ಸೊರಗಿದೀಯಾ" ಅಂದಳು. ಮಂಗಳಾ ಕೈ ಅಡ್ಡ ಹಿಡಿಯಲಿಲ್ಲ. ಕಡಲೆಕಾಳಷ್ಟು ಮುರಿದು, ಅಗಿದು, ನಾಲ್ಕು ತುತ್ತು ಉಂಡು, ಕೈ ಮಡಿಲಲ್ಲಿಟ್ಟು ಕೂತಳು.

"ನೋಡಿ ಅಯ್ಯಾರೆ!" ನಾಗರತ್ನಮ್ಮ ಕಾಯುತ್ತಿದ್ದದ್ದೇ ಅದಕ್ಕೆ. "ಪ್ರಸಾದ ಬುಡ್ತಾವ್ಳೆ. ಈ ಮನೇಲಿ ಇಂಥದ್ದು ನಡ್ದೇ ಇಲ್ಲ."

ಚನ್ನಮಲ್ಲಯ್ಯನವರು ತಟ್ಟೆ ನೋಡಿದರು, ಮಂಗಳಾಳ ಕೆನ್ನೆಯ ಮೂಳೆ ನೋಡಿದರು. "ಯಾಕವ್ವ, ಯಾಕೆ ಉಣ್ಣಕ್ಕಾಗಲ್ಲ?"

ಮಂಗಳಾ ತಲೆ ತಗ್ಗಿಸಿ ಭಾವನವರ ಕಡೆ ನೋಡಿದಳು. ನಾಗರತ್ನಮ್ಮ ಬಾಯಿ ತೆರೆದಳು. ಶಂಕರಲಿಂಗಪ್ಪನವರು ಜೋರಾಗಿ ಕೆಮ್ಮಿ ಕೊರಳ ಕರಡಿಗೆ ಮುಟ್ಟಿಕೊಂಡರು. ನಾಗರತ್ನಮ್ಮ ಬಾಯಿ ಮುಚ್ಚಿದಳು.

"ಸರಿ" ಅಂದರು ಅಯ್ಯನವರು. "ಉಣ್ಣೋರ ಒಟ್ಟೆ ನೋಡಿ ಬಡ್ಸೋದು ಬಡ್ಸೋರ ಧರ್ಮ. ಈ ಜೀವ ನೋಡಿ ಎರಡು ಮುದ್ದೆ ಇಕ್ಕಿದ್ದು ಯಾರು? ಪ್ರಸಾದ ಹಾಳಾಗ್ಬಾರ್ದು, ನಿಜ. ಮಿಕ್ಕಿದ್ದು ಬಡ್ಸಿದ ಕೈಗೇ ಸೇರಬೇಕು. ಕೂತ್ಕೊ ತಾಯಿ, ಉಣ್ಣು. ಇನ್ ಮುಂದೂವೆ ಈ ಮನೇಲಿ ಅದೇ ನಡೀಲಿ."

ಆಗಲೇ ಗಂಟಲ ಮಟ್ಟ ಉಂಡಿದ್ದ ನಾಗರತ್ನಮ್ಮ, ಅಯ್ಯನವರ ಎದುರಿಗೆ, ಆ ಎರಡು ಮುದ್ದೆಯನ್ನೂ ಉಂಡಳು. ಮಂಗಳಾ ಹೋಗಿ ಬಾಗಿಲಿಗೆ ಒರಗಿ ನಿಂತು ನೋಡಿದಳು. ಆಹಾ, ಎಂಥ ಹಿತ! ಹೊಟ್ಟೆ ಕುಯ್ಯಿಸಿಕೊಂಡ ಆರು ತಿಂಗಳಲ್ಲಿ ಅವಳಿಗೆ ಹೊಟ್ಟೆ ತುಂಬಿದ್ದು ಅವತ್ತೇ ಮೊದಲು.

ಹಾಗಾದರೆ ಮರುದಿನದಿಂದ ಕಡಿಮೆ ಬಡಿಸಿದರಾಯಿತಲ್ಲ ಅನ್ನಬಹುದು. ಅಲ್ಲೇ ಇರುವುದು ಸ್ವಾರಸ್ಯ. ಈರಕ್ಕ ಬೆಣ್ಣೆ ಗಡಿಗೆಯ ಜೊತೆ ಮಾತನ್ನೂ ಹೊತ್ತುಕೊಂಡು ಬಡವನಹಳ್ಳಿ ಸಂತೆಯಿಂದ ಮಧುಗಿರಿ ಪೇಟೆಯವರೆಗೆ ಮಾರಿದ್ದಳು. "ಕ್ವಿಂಟಾಲು ಇದ್ದೋಳು ಕಡ್ಡಿ ಆಗವ್ಳೆ ಕಣ್ರಮ್ಮೋ. ಆ ಮಂಡಿ ಮನೇಲಿ ಅನ್ನ ಇಕ್ತಾರೋ ಇಲ್ವೋ, ಶಿವನಿಗೇ ಗೊತ್ತು!" ಊರಬಾಯಿ ಮುಚ್ಚಲು ಯಾರಿಂದಾದೀತು? ಆಪರೇಷನ್ ಅಂತ ಹೇಳೋಣವೆಂದರೆ ಲಿಂಗ ಮುಟ್ಟಿ ಆಣೆ. ಅದಕ್ಕೇ ಹೊರಗಿನವರ ಎದುರು ಮಂಗಳಾಳ ತಟ್ಟೆ ತುಂಬಿರಲೇಬೇಕು. ಮಂಗಳಾಳೂ ಬುದ್ಧಿವಂತೆ, ಹೊರಗಿನವರು ಇಲ್ಲದೆ ಊಟಕ್ಕೇ ಕೂರುತ್ತಿರಲಿಲ್ಲ. ಈರಕ್ಕ ಬಂದರೆ ಹಸಿವು, ಪಕ್ಕದ ಮನೆಯವಳು ಹೆಪ್ಪು ಕೇಳಲು ಬಂದರೆ ಹಸಿವು, ಬೀಗರು ಬಂದರಂತೂ ಭಾರಿ ಹಸಿವು. "ಅಕ್ಕ, ಬಡ್ಸಿ" ಅಂತ ಮೆತ್ತಗೆ ಕೂರುವಳು. ಕಡಿಮೆ ಇಕ್ಕಿದರೆ ಊರು ನೋಡುತ್ತದೆ, ತುಂಬ ಇಕ್ಕಿದರೆ ತಾನೇ ಉಣ್ಣಬೇಕು. ನಾಗರತ್ನಮ್ಮನಿಗೆ ಅದು ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ. ಹಸುವಿಗೆ ಹಾಕೋಣವೆಂದರೆ ಪ್ರಸಾದ. ಕದ್ದು ಚೆಲ್ಲೋಣವೆಂದರೆ ಮಂಗಳಾ ಬಾಗಿಲಲ್ಲೇ ನಿಂತಿರುತ್ತಾಳೆ.

"ಅಕ್ಕ, ಸುಸ್ತಾಗಿದೀರಾ. ಸೌಟು ನನಗೆ ಕೊಡಿ, ನಾನೇ ಬಡ್ಸ್ಕೋತೀನಿ" ಅಂತ ಮಂಗಳಾ ಆಗಾಗ ಅನ್ನುವಳು. ಸೌಟು ಕೊಟ್ಟರೆ ರಾಜ್ಯ ಕೊಟ್ಟಂತೆ. ನಾಗರತ್ನಮ್ಮ ಅದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವಳು.

ವರ್ಷ ತುಂಬುವುದರೊಳಗೆ ನಾಗರತ್ನಮ್ಮನ ಬಳೆಗಳು ಕೈಯಲ್ಲಿ ಕಚ್ಚಿದವು. ಕುಪ್ಪಸಗಳಿಗೆ ತೇಪೆ ಬಿದ್ದಿತು. ಅಟ್ಟ ಹತ್ತುವುದು ನಿಂತಿತು. ರೇಣುಕಯ್ಯನಿಗೆ ಇದೆಲ್ಲ ಕಣ್ಣಿಗೆ ಬೀಳಲಿಲ್ಲ. ಅವನಿಗೆ ಈಗ ಹೆಂಡತಿಯನ್ನು ಪಾವಗಡದ ಮದುವೆಗೆ, ಶಿರಾದ ಸಿನಿಮಾಕ್ಕೆ ಕರೆದುಕೊಂಡು ಹೋಗುವ ಹುಕಿ. "ಬಾರೇ, ಎಲ್ರೂ ನೋಡ್ಲಿ" ಅನ್ನುವನು. ಮಂಗಳಾ, ತಲೆನೋವು ಅನ್ನುವಳು. ಅವನ ನಗು ನೋಡಿದರೆ ಹೊಲಿಗೆಯ ಜಾಗ ಈಗಲೂ ಉರಿಯುತ್ತಿತ್ತು.

ಎಂಬತ್ನಾಲ್ಕರ ಆಯುಧಪೂಜೆ ಬಂತು. ತಕ್ಕಡಿಗೆ ವಿಭೂತಿ, ಚೆಂಡುಹೂವು. ಮಂಡಿ ತುಂಬ ಜನ. ಬೂದುಗುಂಬಳ ಒಡೆದದ್ದೇ ಮಂಗಳಾ ಅದೇ ಧಾರೆ ಸೀರೆ ಉಟ್ಟು ಮುಂದೆ ಬಂದಳು. "ಹೋದ ವರ್ಷ ಬೆಲ್ಲ ಆಯ್ತು. ಈ ವರ್ಷ ಮನೆ ಲಕ್ಷ್ಮೀನ ತೂಗೋಣ. ಅಕ್ಕಾ, ಬನ್ನಿ" ಅಂದಳು, ಎಲ್ಲರಿಗೂ ಕೇಳುವ ಹಾಗೆ.

ನಾಗರತ್ನಮ್ಮನಿಗೆ 'ಅಪಶಕುನ' ಅನ್ನುವ ಹಾಗಿರಲಿಲ್ಲ. ಪದ್ಧತಿ ತಂದವಳೇ ಅವಳು. ಕಂಬ ಹಿಡಿದುಕೊಂಡು ನಿಂತಳು. ಮಂಗಳಾ ಹೋಗಿ ಕೈ ಹಿಡಿದಳು.

"ಬ್ಯಾಡ ಕಣೇ ಮಂಗಳಾ" ನಾಗರತ್ನಮ್ಮ ಪಿಸುಗುಟ್ಟಿದಳು. "ನಿನ್ನ ಕಾಲಿಗೆ ಬೀಳ್ತೀನಿ. ಅಷ್ಟು ಜನದ ಎದುರಿಗೆ ಬ್ಯಾಡ."

ಎರಡು ವರ್ಷದಿಂದ ಈ ಒಂದು ಮಾತಿಗಾಗಿ ಮಂಗಳಾ ಬದುಕಿದ್ದಳು. ಕನಿಕರವೇನೂ ಬರಲಿಲ್ಲ. "ಬನ್ನಿ ಅಕ್ಕ" ಅಂತ ಎಳೆದುಕೊಂಡು ಹೋಗಿ ಹಲಗೆಯ ಮೇಲೆ ಕೂರಿಸಿದಳು. ಸರಪಳಿ ಕಿರ್ರೆಂದಿತು. ನಾಗರತ್ನಮ್ಮ ಕಣ್ಣು ಮುಚ್ಚಿಕೊಂಡಳು. ರೆಪ್ಪೆಯ ಕೆಳಗಿನಿಂದ ನೀರು ಇಳಿಯಿತು. ಅಡವಯ್ಯ ಐವತ್ತರ ಕಲ್ಲು ಎತ್ತಿಕೊಂಡು ಬಂದ.

ಆಗ ಕಿಸಕ್ಕೆಂದು ನಗು ಕೇಳಿತು. ಮಂಗಳಾ ತಿರುಗಿ ನೋಡಿದಳು. ರೇಣುಕಯ್ಯ. ತೂಕ ಕೂಗಲು ದಂಡದ ಪಕ್ಕ ಬಂದು ನಿಂತಿದ್ದ. ಅತ್ತಿಗೆಯ ಮೈಯನ್ನು ಮೇಲಿಂದ ಕೆಳಗೆ ನೋಡಿ, ಹಮಾಲರಿಗೆ ಕಣ್ಣು ಹೊಡೆದು, ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅದೇ ಹಲ್ಲು. ಗೋಣಿಚೀಲದ ಮಾತು ಆಗಲೇ ನಾಲಿಗೆಯ ತುದಿಗೆ ಬಂದಿತ್ತು.

ಮಂಗಳಾಗೆ ಮೈಯೆಲ್ಲ ಉರಿದು ಹೋಯಿತು. ಥೂ ಇವನ! ಇವನಿಗೆ ಯಾರು ಕೂತರೇನು? ಹೆಂಡತಿ ಕೂತರೂ ನಗುತ್ತಾನೆ, ತಾಯಿಯಂಥ ಅತ್ತಿಗೆ ಕೂತರೂ ನಗುತ್ತಾನೆ. ಸೌಟು ಹಿಡಿದವಳನ್ನು ಇಷ್ಟು ದಿನ ಅರೆದು ಹಾಕಿದೆ. ಪಕ್ಕದಲ್ಲಿ ಮಜ್ಜಿಗೆ ಕುಡಿಯುತ್ತಾ ಕೂತಿದ್ದವನನ್ನು ಹೇಗೆ ಮರೆತೆ?

"ಅಕ್ಕ, ಇಳೀರಿ" ಅಂದಳು.

ನಾಗರತ್ನಮ್ಮ ಕಣ್ಣು ಬಿಟ್ಟಳು.

"ಇಳೀರಿ ಅಂದೆ. ಲಕ್ಷ್ಮಿ ಆಮೇಲೆ. ಮೊದಲು ನಾರಾಯಣ ಕೂರ್ಲಿ." ಮಂಗಳಾ ಗಂಡನ ಕಡೆ ತಿರುಗಿದಳು. "ಏನೂಂದ್ರೆ, ಬನ್ನಿ. ವರ್ಷವೆಲ್ಲ ಊರೋರ ತೂಕ ಕೂಗ್ತೀರಲ್ಲ, ನಿಮ್ಮದೂ ಒಂದ್ಸಲ ಆಗ್ಲಿ."

ರೇಣುಕಯ್ಯ ಬಡಕಲು ಆಸಾಮಿ. ತನಗೇನು ಭಯ ಅಂತ ನಗುತ್ತಲೇ ಹೋಗಿ ಕೂತ. ಪಂಚೆ ಕೊಡವಿ ಪದ್ಮಾಸನವನ್ನೂ ಹಾಕಿದ. ಮಂಗಳಾ ಅಡವಯ್ಯನಿಗೆ ಸನ್ನೆ ಮಾಡಿದಳು. ಅಡವಯ್ಯ ಐವತ್ತರ ಕಲ್ಲನ್ನು ಆ ಕಡೆಯ ಹಲಗೆಗೆ ಇಟ್ಟ.

ಕಲ್ಲು ಧಡ್ಡೆಂದು ನೆಲಕ್ಕೆ ಕೂತಿತು. ರೇಣುಕಯ್ಯ ಮೇಲೆ ಹೋದ! ಹಲಗೆ ವಾಲಿತು, ಪದ್ಮಾಸನ ಬಿಚ್ಚಿತು, ಎರಡು ಕಡ್ಡಿಗಾಲು ಗಾಳಿಯಲ್ಲಿ ನೇತಾಡಿದವು. ಅವನು ಎರಡು ಕೈಯಲ್ಲೂ ಸರಪಳಿ ಹಿಡಿದುಕೊಂಡ. ಮೊದಲು ನಕ್ಕವಳು ನಾಗರತ್ನಮ್ಮ. ಕಣ್ಣೀರು ಒರೆಸಿಕೊಳ್ಳದೆಯೇ ನಕ್ಕಳು. ಆಮೇಲೆ ಹಮಾಲರು, ಗುಮಾಸ್ತರು, ಬೀದಿ.

"ಒಂದೇ ಕಲ್ಗೇ ಅಣ್ಣಾರು ಮ್ಯಾಕೋದ್ರಲ್ಲಪ್ಪೋ!"

ಮಂಗಳಾ ದಂಡದ ಪಕ್ಕ ಹೋಗಿ ನಿಂತಳು. ಹದಿಮೂರು ವರ್ಷ ಕೇಳಿದ ರಾಗ, ಬಾಯಿಗೆ ತಾನಾಗಿ ಬಂತು. "ಅರ್ಧ ಕ್ವಿಂಟಾಲಿಗೂ ಕಡಿಮೇ…!" ಅಂತ ಎಳೆದು ಕೂಗಿದಳು. ಉಸಿರು ತೆಗೆದುಕೊಂಡು ಮುಗಿಸಿದಳು: "ಚೀಲ ಐತೆ ಕಣ್ರೋ, ಒಳಗಡೆ ಮಾಲಿಲ್ಲ!"

"ಇಳಿಸ್ರೋ! ಲೇ ಅಡವಯ್ಯಾ, ಕಲ್ಲು ತೆಗಿಯೋ!" ರೇಣುಕಯ್ಯ ಮೇಲಿನಿಂದ ಅರಚುತ್ತಿದ್ದ. ಅಡವಯ್ಯ ಕಲ್ಲಿಗೆ ಕೈ ಹಾಕಿದ. ಮಂಗಳಾ ಆ ಕಲ್ಲಿನ ಮೇಲೆ ಕಾಲಿಟ್ಟಳು. "ಇರ್ಲಿ. ಪೂಜೆ ದಿನ, ಎಲ್ರೂ ನೋಡ್ಲಿ" ಅಂದಳು. ಗಂಡ ಅವಳ ಮುಖ ನೋಡಿದ. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಹಲಗೆಯ ಮೇಲೆ ಕೂತೇ ಅವಳೂ ಒಮ್ಮೆ ಹಾಗೆ ನೋಡಿದ್ದಳು. ನಗು ಪೂರ್ತಿ ನಿಲ್ಲುವ ತನಕ ಅವಳು ಕಾಲು ತೆಗೆಯಲಿಲ್ಲ. ಸಾಯಂಕಾಲದೊಳಗೆ ಪೇಟೆಯಲ್ಲಿ ಅವನ ಹೆಸರು ಅರ್ಧ ಕ್ವಿಂಟಾಲು ಆಯಿತು.

ಮಧ್ಯಾಹ್ನ ಹಬ್ಬದೂಟ. ಒಳಗೆ ಎಲ್ಲರೂ ಸಾಲಾಗಿ ಕೂತಿದ್ದರು. ನಾಗರತ್ನಮ್ಮ ಅಡುಗೆಮನೆಯಿಂದ ಬಂದು ಸೌಟನ್ನು ಮಂಗಳಾಳ ಕೈಯಲ್ಲಿಟ್ಟಳು. "ನೀನೇ ಬಡ್ಸು" ಅಂದಳು. ಹೋಗಿ ಗೋಡೆಗೆ ಒರಗಿ ಕೂತಳು.

ಮಂಗಳಾ ಎಡಗೈಯಲ್ಲಿ ಸಾರಿನ ಪಾತ್ರೆ, ಬಲಗೈಯಲ್ಲಿ ಸೌಟು ಹಿಡಿದು ಸಾಲಿನುದ್ದಕ್ಕೂ ಮುಖ ನೋಡಿ ಬಡಿಸುತ್ತಾ ಬಂದಳು. ರೇಣುಕಯ್ಯ ತಲೆ ಎತ್ತದೆ ಕೂತಿದ್ದ. ಎರಡು ತುತ್ತು ಉಂಡಿದ್ದನೋ ಇಲ್ಲವೋ. ಅವಳು ಎದುರಿಗೆ ಬಂದು ನಿಂತಾಗ ಎಡಗೈಯನ್ನು ತಟ್ಟೆಗೆ ಅಡ್ಡ ಹಿಡಿದು, "ಸಾಕು" ಅಂದ.

ಸಾರು ಈಗತಾನೇ ಒಲೆಯಿಂದ ಇಳಿದದ್ದು, ಹಬೆಯಾಡುತ್ತಿತ್ತು. ಮಂಗಳಾ ಸೌಟು ತುಂಬಿಸಿ ಎತ್ತಿ ಹಿಡಿದಳು. ಹೆಚ್ಚು ಬಡಿಸಿದರೆ ಬಡಿಸಿದ ಕೈಯೇ ಉಣ್ಣಬೇಕು. ಅವಳ ಹೊಟ್ಟೆಗೆ ಆ ಒಂದು ಸೌಟೂ ಹಿಡಿಸದು. ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಸಾಲಿನಲ್ಲಿ ಕೂತವರೆಲ್ಲ ಉಣ್ಣುವುದು ನಿಲ್ಲಿಸಿದ್ದರು.

ಅವಳು ಸೌಟು ಇಳಿಸಲಿಲ್ಲ, ಮುಂದಕ್ಕೂ ಹೋಗಲಿಲ್ಲ. "ಕೈ ತೆಗೀರಿ" ಅಂದಳು.

ರೇಣುಕಯ್ಯನ ಕಣ್ಣು ಪಾತ್ರೆ ಹಿಡಿದ ಅವಳ ಎಡಗೈಯ ಮೇಲೆ ಬಿತ್ತು. ಕೈಬೆನ್ನಿನ ಬಿಳಿಯ ಕಲೆಯ ಮೇಲೆ ನಿಂತಿತು. ಅಷ್ಟು ವರ್ಷದಲ್ಲಿ ಅವನು ಅದನ್ನು ನೋಡಿದ್ದು ಅವತ್ತೇ.

ಕೈ ತೆಗೆದ. ಮಂಗಳಾ ತಟ್ಟೆ ತುಂಬ ಬಡಿಸಿ, ಅವನು ಉಂಡು ತಟ್ಟೆ ತೊಳೆದ ನೀರು ಕುಡಿಯುವವರೆಗೂ ಅಲ್ಲೇ ನಿಂತಿದ್ದಳು.